ದೋರನಹಳ್ಳಿಯ ರಾತ್ರಿಗೆ ಎಷ್ಟು ಬ್ಯಾಟರಿ?

ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿರುವ ದೋರನಹಳ್ಳಿಯಂಥ ಊರಿಗೆ, ನಿದ್ದೆಯಲ್ಲಿ ಉಸಿರಿಗೆ ಗಾಳಿ ಊದುವ ಸಿಪ್ಯಾಪ್ ಯಂತ್ರ ಬಂದು ಸೇರುವ ಬಗೆ ಹೆಚ್ಚುಕಡಿಮೆ ಒಂದೇ. ಗೊರಕೆ ವರ್ಷಗಟ್ಟಲೆ ಮನೆಮಂದಿಯ ತಮಾಷೆಯಾಗಿರುತ್ತದೆ. ಗೊರಕೆಯ ನಡುವೆ ಉಸಿರೇ ನಿಂತು, ಮತ್ತೆ ಧಡಕ್ಕನೆ ಎಳೆದುಕೊಳ್ಳುವುದನ್ನು ಕಂಡ ಹೆಂಡತಿಗೆ ಗಾಬರಿಯಾಗುತ್ತದೆ. ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ನಿದ್ರೆಯ ಪರೀಕ್ಷೆಯಾಗುತ್ತದೆ. ಸ್ಲೀಪ್ ಆಪ್ನಿಯಾ ಎಂದು ಚೀಟಿಯಲ್ಲಿ ಬರುತ್ತದೆ, ಸಾಲವೋ ಉಳಿತಾಯವೋ ಕೂಡಿಸಿ ಯಂತ್ರ ತರುತ್ತಾರೆ. ಮಾರುವವರು ಮಾಸ್ಕು ಕಟ್ಟುವುದು ಹೇಗೆ, ಫಿಲ್ಟರ್ ಬದಲಿಸುವುದು ಯಾವಾಗ, ನೀರಿನ ಡಬ್ಬಿ ತೊಳೆಯುವುದು ಹೇಗೆ ಎಂದು ಎಲ್ಲ ಹೇಳಿಕೊಡುತ್ತಾರೆ. ನಿಮ್ಮೂರಲ್ಲಿ ರಾತ್ರಿ ಕರೆಂಟು ಹೇಗಿರುತ್ತದೆ ಎಂದು ಮಾತ್ರ ಕೇಳುವವರು ಕಡಿಮೆ. ಆ ಪ್ರಶ್ನೆ ಏಳುವುದು ಏಪ್ರಿಲ್‌ನ ಮೊದಲ ಬಿರುಗಾಳಿಗೆ ಎಲ್ಲೋ ಒಂದು ಕಂಬ ಉರುಳಿ, ಫೀಡರ್ ಬಂದಾಗಿ, ಯಂತ್ರ ಸುಮ್ಮನಾದಾಗ.

ಆಗ ಮನೆಯವರು ಹೋಗುವುದು ಬ್ಯಾಟರಿ ಅಂಗಡಿಗೆ. ಅಲ್ಲಿ ಅಡಾಪ್ಟರಿನ ಮೇಲೆ ಬರೆದ ಸಂಖ್ಯೆ ನೋಡಿ, ಅದನ್ನು ಎಂಟು ಗಂಟೆಗೆ ಗುಣಿಸಿ, ದೊಡ್ಡದೊಂದು ಬ್ಯಾಟರಿ, ಅದಕ್ಕೆ ತಕ್ಕ ಇನ್ವರ್ಟರ್ ಎಂದು ಲೆಕ್ಕ ಕೊಡುತ್ತಾರೆ. ಈ ಲೆಕ್ಕ ಬಹುಪಾಲು ತಪ್ಪು. ಎಲ್ಲಿ ತಪ್ಪು ಎಂಬುದನ್ನು ನೋಡುವ ಮೊದಲು ಯಂತ್ರ ಏನು ಮಾಡುತ್ತದೆ ಎಂಬುದು ತಿಳಿದಿರಬೇಕು.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಗಾಳಿಯ ದಾರಿ ಕುಸಿಯುವುದೇ ಈ ಕಾಯಿಲೆ. ಗಂಟೆಗೆ ಐದಕ್ಕಿಂತ ಹೆಚ್ಚು ಬಾರಿ ಉಸಿರು ನಿಂತರೆ ಅಥವಾ ತೀರಾ ಕಡಿಮೆಯಾದರೆ ಕಾಯಿಲೆ ಎನ್ನುತ್ತಾರೆ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಐವರು ರೋಗಿಗಳ ಮೂಗಿನ ಮೂಲಕ ಒತ್ತಡದ ಗಾಳಿ ಊದಿ, ಕುಸಿಯುವ ದಾರಿಯನ್ನು ತೆರೆದಿಡಬಹುದು ಎಂದು ತೋರಿಸಿಕೊಟ್ಟರು. ಆ ಕಾಲದ ಯಂತ್ರಗಳು ಕೋಣೆಯನ್ನೆಲ್ಲ ಸದ್ದಿನಿಂದ ತುಂಬುತ್ತಿದ್ದವು. ಈಗಿನದು ಊಟದ ಡಬ್ಬಿಯಷ್ಟು. ಒಳಗೆ ಒಂದು ಪುಟ್ಟ ಫ್ಯಾನು, ಒಂದು ಸಂವೇದಕ, ಒಂದಿಷ್ಟು ಲೆಕ್ಕ ಮಾಡುವ ಚಿಪ್ಪು. ಅದು ಊದುವ ಒತ್ತಡ ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಮಟ್ಟದಷ್ಟು. ಅಂದರೆ ಒಂದು ಲೋಟ ನೀರಿನ ತಳದಲ್ಲಿ ಇರುವಷ್ಟು ಒತ್ತಡ. ಇಷ್ಟು ಸಣ್ಣ ಕೆಲಸಕ್ಕೆ ಹೆಚ್ಚು ವಿದ್ಯುತ್ ಬೇಕಿಲ್ಲ.

ಯಂತ್ರದ ಗಾಳಿ ಊದುವ ಭಾಗಕ್ಕೆ, ಹತ್ತು ಸೆಂಟಿಮೀಟರ್ ಆಸುಪಾಸಿನ ಒತ್ತಡದಲ್ಲಿ, ಸುಮಾರು 6ರಿಂದ 12 ವ್ಯಾಟ್ ಸಾಕು. ಒಂದು ಎಲ್‌ಇಡಿ ಬಲ್ಬು ಎಳೆಯುವಷ್ಟು. ಆದರೆ ಯಂತ್ರದ ಪಕ್ಕಕ್ಕೆ ಅಂಟಿಕೊಂಡಿರುವ ನೀರಿನ ಡಬ್ಬಿಯ ಕೆಳಗೆ ಒಂದು ಬಿಸಿ ತಟ್ಟೆ ಇದೆ. ಕೆಲವು ಯಂತ್ರಗಳ ಕೊಳವೆಯೊಳಗೂ ಬಿಸಿಯಾಗುವ ತಂತಿ ಸುತ್ತಿರುತ್ತದೆ. ಇವೆರಡೂ ಸೇರಿ 20ರಿಂದ 50 ವ್ಯಾಟ್‌ವರೆಗೆ ಹೆಚ್ಚಿಗೆ ಎಳೆಯುತ್ತವೆ. ಅಡಾಪ್ಟರಿನ ಮೇಲಿನ 65 ಅಥವಾ 90 ವ್ಯಾಟ್ ಎಂಬ ಸಂಖ್ಯೆ ಇವೆಲ್ಲ ಒಟ್ಟಿಗೆ ಜೋರಾಗಿ ಓಡಿದಾಗ ಕೊಡಬಲ್ಲ ಗರಿಷ್ಠ ಶಕ್ತಿ. ರಾತ್ರಿಯಿಡೀ ಎಳೆಯುವ ಶಕ್ತಿಯಲ್ಲ. ಅಂಗಡಿಯವರ ಲೆಕ್ಕ ಹಳಿ ತಪ್ಪುವುದು ಇಲ್ಲಿಯೇ. 90ನ್ನು ಎಂಟರಿಂದ ಗುಣಿಸಿದರೆ 720 ವ್ಯಾಟ್ ಅವರ್. ಬಿಸಿಯನ್ನು ಆರಿಸಿದ ಯಂತ್ರಕ್ಕೆ ಎಂಟು ಗಂಟೆಗೆ ಬೇಕಿರುವುದು 80ರ ಆಸುಪಾಸು. ಒಂಬತ್ತು ಪಟ್ಟು ವ್ಯತ್ಯಾಸ!

ಹಾಗಿದ್ದರೆ ಬಿಸಿ ಆರಿಸಬಹುದೇ? ಚಳಿ ಊರಿನವರಿಗೆ ಇದು ಕಷ್ಟದ ಪ್ರಶ್ನೆ. ತಣ್ಣನೆಯ ಗಾಳಿ ಬಿರುಸಾಗಿ ನುಗ್ಗಿದರೆ ಮೂಗು ಒಣಗುತ್ತದೆ, ಕಟ್ಟಿಕೊಳ್ಳುತ್ತದೆ, ಕೊನೆಗೆ ಜನ ಮಾಸ್ಕನ್ನೇ ಕಿತ್ತೆಸೆಯುತ್ತಾರೆ. ನಮ್ಮ ಕೃಷ್ಣಾ-ಭೀಮಾ ನಡುವಿನ ನೆಲದಲ್ಲಿ ಗಾಳಿ ಬೇಸಿಗೆಯಲ್ಲಿ ಒಣಗಿರುತ್ತದೆ ನಿಜ, ಆದರೆ ಬಿಸಿಯಾಗಿಯೂ ಇರುತ್ತದೆ. ಡಬ್ಬಿಯಲ್ಲಿ ನೀರು ತುಂಬಿ, ಬಿಸಿ ತಟ್ಟೆಯನ್ನು ಮಾತ್ರ ಸೊನ್ನೆಗೆ ಇಳಿಸಿದರೆ, ಗಾಳಿ ನೀರಿನ ಮೇಲೆ ಹಾದುಹೋಗುವಾಗಲೇ ಒಂದಿಷ್ಟು ತೇವ ಹೀರಿಕೊಳ್ಳುತ್ತದೆ. ಒಣ ಗಾಳಿ, ಬೆಚ್ಚಗಿನ ಕೋಣೆ, ಬೆಚ್ಚಗಿನ ನೀರು: ತೇವ ಹೀರಲು ಇದಕ್ಕಿಂತ ಅನುಕೂಲ ಇಲ್ಲ. ಮೇ ತಿಂಗಳಲ್ಲಿ ಶಹಾಪುರದ ಸೆಕೆ ಕೊಡುವ ಒಂದೇ ಉಪಕಾರ ಇದಿರಬೇಕು. ಡಿಸೆಂಬರ್-ಜನವರಿಯ ಥಂಡಿಯಲ್ಲಿ ಸ್ವಲ್ಪ ಕಷ್ಟವಾದೀತು; ಆಗ ಗಾಳಿಯಂತ್ರಕ್ಕೆ ಹೊದಿಕೆ ಮುಚ್ಚದೆ, ಕೊಳವೆಯನ್ನು ಮಾತ್ರ ಹೊದಿಕೆಯೊಳಗೆ ಹಾಯಿಸಿಕೊಂಡರೆ ಸಾಕಾಗುತ್ತದೆ.

ಸೆಕೆಯ ಇನ್ನೊಂದು ಮುಖವೂ ಇದೆ. ಇಂಥ ಯಂತ್ರಗಳನ್ನು ಸಾಮಾನ್ಯವಾಗಿ 5ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣಕ್ಕೆಂದು ರೂಪಿಸಿರುತ್ತಾರೆ. ಯಂತ್ರ ಊದುವ ಗಾಳಿ ಕೋಣೆಯ ಗಾಳಿಗಿಂತ ತುಸು ಬಿಸಿಯಾಗಿಯೇ ಬರುತ್ತದೆ. ಹಗಲು 42-43 ಡಿಗ್ರಿ ಕಾದ ಸ್ಲ್ಯಾಬ್ ಮನೆಯಲ್ಲಿ, ತಗಡಿನ ಮನೆಯಲ್ಲಿ ಕೇಳುವುದೇ ಬೇಡ, ರಾತ್ರಿ ಹತ್ತಕ್ಕೆ ಒಳಗಿನ ಶಾಖ 35 ದಾಟಿರುವುದು ಅಪರೂಪವಲ್ಲ. ಅದಕ್ಕೇ ಜನ ಮಾಳಿಗೆ ಮೇಲೆ ಮಲಗುವುದು.

ಮಾಳಿಗೆ ಮೇಲೆ ಮಲಗುವ ರೂಢಿಯನ್ನು ಯಂತ್ರದ ಕೈಪಿಡಿ ಬರೆದವರು ಊಹಿಸಿರಲಾರರು. ಅಲ್ಲಿ ಪ್ಲಗ್ ಇಲ್ಲ. ಕೆಳಗಿನಿಂದ ಎಳೆದ ಎಕ್ಸ್‌ಟೆನ್ಷನ್ ತಂತಿ ಕತ್ತಲಲ್ಲಿ ಕಾಲಿಗೆ ತೊಡರುತ್ತದೆ, ಮಳೆಹನಿ ಬಿದ್ದರೆ ಅಪಾಯ. ಸಿಪ್ಯಾಪ್ ಬಂದ ಮೇಲೆ ಮನೆಯ ಹಿರಿಯ ಒಬ್ಬನೇ ಕೆಳಗೆ ಬೇಯುತ್ತ ಮಲಗುವುದು, ಇಲ್ಲವೇ ಬೇಸಿಗೆಯ ಎರಡು-ಮೂರು ತಿಂಗಳು ಯಂತ್ರವನ್ನು ಕಪಾಟಿನಲ್ಲಿಟ್ಟು ಮೇಲೆ ಹೋಗುವುದು: ಬ್ಯಾಟರಿ ಇಲ್ಲದಿದ್ದರೆ ಉಳಿಯುವ ದಾರಿಗಳು ಇವೆರಡೇ. ಕರೆಂಟು ಇದ್ದರೂ ಬ್ಯಾಟರಿ ಬೇಕಾಗುವ ಸಂದರ್ಭ ಇದು. ಕೈಯಲ್ಲಿ ಎತ್ತಿಕೊಂಡು ಹೋಗುವಂಥ 12 ವೋಲ್ಟಿನ ಸಣ್ಣ ಬ್ಯಾಟರಿಯ ನಿಜವಾದ ಉಪಯೋಗವೂ ಇಲ್ಲೇ.

ಇನ್ನು ಬ್ಯಾಟರಿಯ ಲೆಕ್ಕ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಜಾತಿಯ 12.8 ವೋಲ್ಟ್, 20 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 256 ವ್ಯಾಟ್ ಅವರ್. ಅದರಲ್ಲಿ ನೂರಕ್ಕೆ ಎಂಬತ್ತನ್ನು ನಿಶ್ಚಿಂತೆಯಿಂದ ಬಳಸಬಹುದು, ಅಂದರೆ 205. ಬಿಸಿ ಆರಿಸಿದ ಯಂತ್ರವನ್ನು ನೇರ ಡಿಸಿ ತಂತಿಯಿಂದ ಜೋಡಿಸಿದರೆ, ನಷ್ಟವೂ ಸೇರಿ 11 ವ್ಯಾಟ್ ಹಿಡಿದುಕೊಳ್ಳಿ, ಹದಿನೆಂಟು ಗಂಟೆ ಓಡುತ್ತದೆ: ಎರಡು ರಾತ್ರಿ. ಅದೇ ಬ್ಯಾಟರಿಗೆ ಒಂದು ಪುಟ್ಟ ಇನ್ವರ್ಟರ್ ಸೇರಿಸಿ, 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರಿನಿಂದ ಮತ್ತೆ 24ಕ್ಕೆ ಇಳಿಸಿದರೆ ಇನ್ವರ್ಟರ್ ತಾನೇ ಹತ್ತು ವ್ಯಾಟ್ ತಿಂದು ಹಾಕುತ್ತದೆ. ಒಂಬತ್ತು-ಹತ್ತು ಗಂಟೆ ಉಳಿಯುತ್ತದೆ. ಬಿಸಿಯನ್ನೂ ಇಟ್ಟುಕೊಂಡರೆ ನೇರ ತಂತಿಯಲ್ಲೂ ನಾಲ್ಕು ಗಂಟೆಗೆ ಮುಗಿಯುತ್ತದೆ. ಹೀಗೆ ಒಂದೇ ಬ್ಯಾಟರಿ ಎರಡು ರಾತ್ರಿಯೂ ಬಂದೀತು, ಅರ್ಧ ರಾತ್ರಿಗೆ ಕೈಯೂ ಕೊಟ್ಟೀತು. ವ್ಯತ್ಯಾಸ ಇರುವುದು ಬಳಸುವ ರೀತಿಯಲ್ಲಿ.

ನೇರ ಡಿಸಿ ಜೋಡಣೆಯಲ್ಲಿ ಒಂದು ಎಚ್ಚರ. ಎಲ್ಲ ಯಂತ್ರಗಳ ವೋಲ್ಟೇಜ್ ಒಂದೇ ಅಲ್ಲ. ಫಿಲಿಪ್ಸ್‌ನ ಡ್ರೀಮ್‌ಸ್ಟೇಷನ್ 12 ವೋಲ್ಟಿನದು. ರೆಸ್‌ಮೆಡ್‌ನ ಏರ್‌ಸೆನ್ಸ್ 10 ಮತ್ತು 11 ಯಂತ್ರಗಳಿಗೆ 24 ವೋಲ್ಟ್ ಬೇಕು, ಅದಕ್ಕೆ 12ನ್ನು 24ಕ್ಕೆ ಏರಿಸುವ ಪರಿವರ್ತಕ ನಡುವೆ ಇರಬೇಕು. ಆ ಪರಿವರ್ತಕ ಯಂತ್ರದ ಮಾದರಿಗೆಂದೇ ಸಿಗುತ್ತದೆ, ಅಗ್ಗವಲ್ಲ. ರೇಡಿಯೊ ರಿಪೇರಿ ಅಂಗಡಿಯಲ್ಲಿ ಪಿನ್ನು ಹೊಂದಿಸಿ ಕೊಡುವ ತಂತಿಯಿಂದ ಅರ್ಧ ಲಕ್ಷದ ಯಂತ್ರವನ್ನು ಪರೀಕ್ಷೆಗೆ ಒಡ್ಡುವುದು ಜಾಣತನವಲ್ಲ.

ದೋರನಹಳ್ಳಿಯ ಹಲವು ಮನೆಗಳಲ್ಲಿ ಇನ್ವರ್ಟರ್ ಈಗಾಗಲೇ ಇದೆ. ಅಂಥವರಿಗೆ ಹೊಸ ಬ್ಯಾಟರಿ ಬೇಕೇ? ಲೆಕ್ಕಕ್ಕೆಂದು ಒಂದು ಮನೆ ಇಟ್ಟುಕೊಳ್ಳೋಣ: 150 ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಲೆಡ್ ಆಸಿಡ್ ಬ್ಯಾಟರಿ, ಮಲಗುವ ಕೋಣೆಯಲ್ಲಿ ಒಂದು ಫ್ಯಾನು, ಒಂದು ಸಿಪ್ಯಾಪ್. ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್. ಬಾಳಿಕೆ ಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 900. ಹಳೆಯ ಕಾಲದ ಸೀಲಿಂಗ್ ಫ್ಯಾನು 75 ವ್ಯಾಟ್ ಎಳೆಯುತ್ತದೆ; ಎಂಟು ಗಂಟೆಗೆ 600. ಬಿಸಿ ಆರಿಸಿದ ಸಿಪ್ಯಾಪ್ 80. ಒಟ್ಟು 680, ಇನ್ವರ್ಟರ್ ನಷ್ಟ ಸೇರಿ 850. ಇಡೀ ರಾತ್ರಿ ಕರೆಂಟು ಬಾರದಿದ್ದರೂ ಹೇಗೋ ದಡ ಸೇರುತ್ತದೆ. ಸಿಪ್ಯಾಪ್‌ನ ಬಿಸಿ ಹಾಕಿಕೊಂಡರೆ ಅದೊಂದಕ್ಕೇ 360, ಒಟ್ಟು ನಷ್ಟ ಸೇರಿ 1200, ದಡ ಸೇರುವುದಿಲ್ಲ. ಈಗ ಫ್ಯಾನನ್ನು ಬದಲಿಸಿ ನೋಡಿ. ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನು 30 ವ್ಯಾಟ್ ಎಳೆಯುತ್ತದೆ, ಎಂಟು ಗಂಟೆಗೆ 240. ಆಗ ಬಿಸಿಯೊಂದಿಗೆ ಸಿಪ್ಯಾಪ್ ಓಡಿಸಿದರೂ 750ರಲ್ಲಿ ಮುಗಿಯುತ್ತದೆ, ಬಿಸಿ ಇಲ್ಲದಿದ್ದರೆ 400 ಸಾಕು.

ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ. ನಮ್ಮ ಕಡೆ ಬ್ಯಾಟರಿಯನ್ನು ಬರಿದು ಮಾಡುವುದು ಉಸಿರಿನ ಯಂತ್ರವಲ್ಲ, ತಲೆಯ ಮೇಲೆ ತಿರುಗುವ ಫ್ಯಾನು. ಇನ್ನೊಂದು ಬ್ಯಾಟರಿಗೆ ಹದಿನೈದು ಸಾವಿರ ಸುರಿಯುವ ಬದಲು ಮೂರು ಸಾವಿರದ ಆಸುಪಾಸಿನ ಫ್ಯಾನು ತಂದರೆ ಬಿಸಿ ಆರಿಸಿದ್ದಾಗ ಹೆಚ್ಚು ಗಂಟೆ ಉಸಿರಾಟ ಸಿಗುತ್ತದೆ. ಇದನ್ನು ಬ್ಯಾಟರಿ ಅಂಗಡಿಯವರು ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವುದೂ ಅನ್ಯಾಯ.

ಆದರೆ ಆ 1800 ಎಂಬುದು ಹೊಸ ಬ್ಯಾಟರಿಯ ಮಾತು. ಲೆಡ್ ಆಸಿಡ್ ಬ್ಯಾಟರಿಗೆ 25 ಡಿಗ್ರಿ ಹಿತ. ಅಲ್ಲಿಂದ ಸುಮಾರು ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಆ ರಸಾಯನದ ಹಳೆಯ ಅಂದಾಜು. ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ ನಾಲ್ಕು ವರ್ಷ ಕಳೆದ, ಡಿಸ್ಟಿಲ್ಡ್ ನೀರು ಕಾಣದ ಬ್ಯಾಟರಿಯಲ್ಲಿ ಅರ್ಧ ಶಕ್ತಿ ಉಳಿದಿದ್ದರೆ ಪುಣ್ಯ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಆಮ್ಲದ ಹನಿಯೂ ಇರುತ್ತದೆ. ಉಸಿರಿನ ಯಂತ್ರ ಗಾಳಿ ಎಳೆದುಕೊಳ್ಳುವ ಕೋಣೆಯಲ್ಲೇ, ಹಾಸಿಗೆ ಪಕ್ಕ, ಅದನ್ನು ಇಡಬಾರದು. ಇನ್ವರ್ಟರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್ ಮಾದರಿಯಲ್ಲಿ ಅಡಾಪ್ಟರು ಗುಂಯ್‌ಗುಟ್ಟುತ್ತದೆ, ಬಿಸಿ ತಟ್ಟೆ ಇರುವ ಯಂತ್ರಗಳಿಗೆ ತಯಾರಕರೂ ಅದನ್ನು ಒಪ್ಪುವುದಿಲ್ಲ. ಇನ್ವರ್ಟರಿನ ಹಿಂಭಾಗದಲ್ಲಿ ಯುಪಿಎಸ್ ಎಂಬ ಸ್ವಿಚ್ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಕರೆಂಟು ಹೋದಾಗ ಯಂತ್ರ ನಿಲ್ಲದೆ ದಾಟಿಕೊಳ್ಳುತ್ತದೆ. ನಿಂತು ಮತ್ತೆ ಕರೆಂಟು ಬಂದರೂ ಕೆಲವು ಯಂತ್ರಗಳು ತಾವಾಗಿ ಶುರುವಾಗುವುದಿಲ್ಲ, ಮಲಗಿದವರಿಗೆ ಅದು ಗೊತ್ತಾಗುವುದೂ ಇಲ್ಲ.

ಮನೆಯಲ್ಲಿ ಇರುವ ಬೇರೆ ಬ್ಯಾಟರಿಗಳ ಮೇಲೂ ಕಣ್ಣು ಬೀಳುವುದು ಸಹಜ. ಟ್ರ್ಯಾಕ್ಟರಿನ ಬ್ಯಾಟರಿ ಎಂಜಿನ್‌ಗೆ ಒಂದು ಕ್ಷಣದ ಒದೆತ ಕೊಡಲು ಮಾಡಿದ್ದು. ರಾತ್ರಿಯಿಡೀ ಸ್ವಲ್ಪಸ್ವಲ್ಪವೇ ಹೀರಿದರೆ ಕೆಲವೇ ಬಾರಿಗೆ ಅದು ಕೆಡುತ್ತದೆ, ಬೆಳಿಗ್ಗೆ ಟ್ರ್ಯಾಕ್ಟರೂ ಏಳುವುದಿಲ್ಲ. ಹತ್ತಿ ಹೊಲಕ್ಕೆ ಎಣ್ಣೆ ಹೊಡೆಯುವ ಬೆನ್ನಪಂಪಿನ 12 ವೋಲ್ಟಿನ ಬ್ಯಾಟರಿ ಲೆಕ್ಕದಲ್ಲಿ ಮೂರು-ನಾಲ್ಕು ಗಂಟೆ ಓಡಿಸಬಲ್ಲದು. ಆದರೆ ಕೀಟನಾಶಕದಲ್ಲಿ ನೆಂದ ವಸ್ತುವನ್ನು ಉಸಿರಿನ ಯಂತ್ರದ ಪಕ್ಕ ತರುವುದು ಬೇಡವೇ ಬೇಡ.

ಊರೊಳಗಿನ ಮನೆಗಳ ಮಾತು ಇಷ್ಟಾಯಿತು. ಹೊಲದ ಮನೆಗಳ ಕಥೆ ಬೇರೆ. ಪಂಪ್‌ಸೆಟ್‌ಗಳ ಫೀಡರನ್ನು ಊರಿನ ಫೀಡರಿನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಊರುಗಳಿಗೆ ದೊಡ್ಡ ಉಪಕಾರ ಮಾಡಿತು. ಆದರೆ ಕಾಲುವೆ ಬದಿಯ ಗದ್ದೆ, ಹೊಲಗಳಲ್ಲೇ ಮನೆ ಮಾಡಿಕೊಂಡವರು ಪಂಪ್‌ಸೆಟ್ ಫೀಡರಿಗೇ ಅಂಟಿಕೊಂಡಿದ್ದಾರೆ. 2023ರ ಬರದಲ್ಲಿ ರಾಜ್ಯದ ಪಂಪ್‌ಸೆಟ್‌ಗಳಿಗೆ ಕೊಡುವ ವಿದ್ಯುತ್ತಿನ ಗಂಟೆಗಳೇ ಜಗಳದ ವಿಷಯವಾದವು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ನದಿದಂಡೆಯ ಊರುಗಳು ಕತ್ತಲಲ್ಲಿ ಕುಳಿತವು. ಇಂಥ ಕಡೆ ಒಂದು ರಾತ್ರಿಯ ಬ್ಯಾಟರಿ ಸಾಲದು, ಅದನ್ನು ಹಗಲು ತುಂಬಿಸುವ ದಾರಿಯೂ ಬೇಕು. 50 ವ್ಯಾಟಿನ ಒಂದು ಸಣ್ಣ ಸೌರಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 200 ವ್ಯಾಟ್ ಅವರ್ ಕೊಡುತ್ತದೆ. ಬಿಸಿ ಆರಿಸಿದ ಯಂತ್ರದ ಎರಡು ರಾತ್ರಿಯ ಖರ್ಚು ಒಂದು ಹಗಲಿನಲ್ಲಿ ಬಂತು. ಮೋಡ ಕವಿದ ಆಷಾಢದಲ್ಲಿ ಇದು ಅರ್ಧಕ್ಕೂ ಕೆಳಗೆ ಇಳಿದೀತು, ಆದರೂ ಒಂದು ರಾತ್ರಿಗೆ ಹೆಚ್ಚುಕಡಿಮೆ ಸಾಲುತ್ತದೆ. 1995ರಲ್ಲಿ ಹರೀಶ್ ಹಂದೆ ಕಟ್ಟಿದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಳತೆಯ ಸೌರ ವ್ಯವಸ್ಥೆ.

ಮನೆಯ ಮೇಲೆ ದೊಡ್ಡ ಸೋಲಾರ್ ಇದ್ದರೆ ಚಿಂತೆಯಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಡಿ ಹಾಕುವ ಫಲಕಗಳು ಸಾಮಾನ್ಯವಾಗಿ ಬ್ಯಾಟರಿ ಇಲ್ಲದವು, ಲೈನಿಗೆ ಜೋಡಿಸಿದವು. ಲೈನಿನಲ್ಲಿ ಕರೆಂಟು ಹೋದರೆ ಅವೂ ನಿಲ್ಲುತ್ತವೆ. ಕಂಬ ಹತ್ತಿದ ಲೈನ್‌ಮನ್‌ನ ಜೀವ ಉಳಿಯಲೆಂದೇ ಹಾಗೆ ಮಾಡಿರುವುದು.

ಪ್ರಯಾಣದ ಮಾತನ್ನು ಬಿಡುವಂತಿಲ್ಲ, ಏಕೆಂದರೆ ನಮ್ಮ ಜಿಲ್ಲೆಯ ಜನ ಬೆಂಗಳೂರಿಗೆ ಹೋಗುವುದೇ ರಾತ್ರಿ. ಯಾದಗಿರಿಯಿಂದ ರೈಲು ಹಿಡಿದವರು ಬೋಗಿಯ ಚಾರ್ಜಿಂಗ್ ಪ್ಲಗ್ಗನ್ನು ನಂಬಬಾರದು. ಬೆಂಕಿ ಅನಾಹುತ ತಪ್ಪಿಸಲು ರಾತ್ರಿ 11ರಿಂದ ಬೆಳಗಿನ 5ರವರೆಗೆ ಅವನ್ನು ಆರಿಸಿಡುವಂತೆ 2021ರಲ್ಲಿ ರೈಲ್ವೆ ಸೂಚಿಸಿತ್ತು. ಅಂದರೆ ಸರಿಯಾಗಿ ನಿದ್ದೆಯ ಹೊತ್ತಿಗೆ. ವಿಮಾನದಲ್ಲಿ 100 ವ್ಯಾಟ್ ಅವರ್‌ವರೆಗಿನ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು, 160ರವರೆಗೆ ಕಂಪನಿಯ ಅನುಮತಿ ಬೇಕು. ಇನ್ನು ಅದೇ ಬೆಂಗಳೂರಿಗೆ ಗುಳೆ ಹೋದವರ ತಗಡಿನ ಶೆಡ್ಡುಗಳಲ್ಲಿ ಈ ಯಂತ್ರದ ಪ್ರಶ್ನೆಯೇ ಏಳುವುದಿಲ್ಲ, ಯಾಕೆಂದರೆ ಅಲ್ಲಿ ಕಾಯಿಲೆ ಪತ್ತೆಯೇ ಆಗುವುದಿಲ್ಲ. ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಈ ಕಾಯಿಲೆ ಇದೆ. ಯಂತ್ರ ತಲುಪಿರುವುದು ಅದರ ಅತಿ ಸಣ್ಣ ಪಾಲಿಗೆ.

ಒಂದು ರಾತ್ರಿ ಯಂತ್ರವಿಲ್ಲದೆ ಮಲಗಿದರೆ ಏನಾಗುತ್ತದೆ? ಹೆದರಿಸುವವರೂ ಇದ್ದಾರೆ, ಏನೂ ಆಗುವುದಿಲ್ಲ ಎನ್ನುವವರೂ ಇದ್ದಾರೆ. ಜ್ಯೂರಿಕ್‌ನಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡು ವಾರ ಸಿಪ್ಯಾಪ್ ನಿಲ್ಲಿಸಿದವರಲ್ಲಿ ಕಾಯಿಲೆ ಬೇಗನೆ ಮರಳಿತು, ಬೆಳಗಿನ ರಕ್ತದೊತ್ತಡ ಮೇಲಿನ ಸಂಖ್ಯೆಯಲ್ಲಿ ಸುಮಾರು ಎಂಟೂವರೆ ಏರಿತು. ಇತ್ತ 2016ರಲ್ಲಿ ಬಂದ ಸೇವ್ ಎಂಬ ದೊಡ್ಡ ಪರೀಕ್ಷೆಯಲ್ಲಿ, ಎರಡೂವರೆ ಸಾವಿರಕ್ಕೂ ಹೆಚ್ಚು ಹೃದ್ರೋಗ ಮತ್ತು ಪಾರ್ಶ್ವವಾಯು ಹಿನ್ನೆಲೆಯ ರೋಗಿಗಳಲ್ಲಿ, ಸಿಪ್ಯಾಪ್ ಹೃದಯಾಘಾತಗಳನ್ನು ಕಡಿಮೆ ಮಾಡಲಿಲ್ಲ. ಆದರೆ ಅವರು ಸರಾಸರಿ ಯಂತ್ರ ಹಾಕಿದ್ದು ರಾತ್ರಿಗೆ 3.3 ಗಂಟೆ ಮಾತ್ರ. ಇವೆರಡನ್ನೂ ಕೂಡಿಸಿ ಓದಿದರೆ ನನಗೆ ಕಾಣುವುದು ಇಷ್ಟು: ಸಾಮಾನ್ಯ ಸ್ಲೀಪ್ ಆಪ್ನಿಯಾ ಇರುವವರಿಗೆ ಒಂದು ರಾತ್ರಿಯ ಕತ್ತಲು ಗಂಡಾಂತರವಲ್ಲ, ವಾರಕ್ಕೆ ಮೂರು ರಾತ್ರಿ ಅರ್ಧಕ್ಕೆ ನಿಲ್ಲುವ ಯಂತ್ರ ಮಾತ್ರ ಹಣ ಕೊಟ್ಟು ತಂದ ಚಿಕಿತ್ಸೆಯನ್ನು ವ್ಯರ್ಥ ಮಾಡುತ್ತದೆ. ಬೆಳಿಗ್ಗೆ ಟ್ರ್ಯಾಕ್ಟರ್, ಬಸ್ಸು, ಲಾರಿ ಓಡಿಸುವವರಿಗೆ ಆ ಒಂದು ರಾತ್ರಿಯೂ ದೊಡ್ಡದೇ.

ಆದರೆ ಬೊಜ್ಜಿನಿಂದ ಉಸಿರಾಟವೇ ಮಂದವಾದವರು, ಶ್ವಾಸಕೋಶದ ಹಳೆಯ ಕಾಯಿಲೆಗೆ ಬೈಪ್ಯಾಪ್ ಬಳಸುವವರು, ಜತೆಗೆ ಆಮ್ಲಜನಕದ ಯಂತ್ರ ಇಟ್ಟುಕೊಂಡವರು ಈ ಸಮಾಧಾನವನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಅವರಿಗೆ ಬ್ಯಾಟರಿ ಅನುಕೂಲವಲ್ಲ, ಔಷಧಿ. ಆಮ್ಲಜನಕದ ಕಾನ್ಸನ್‌ಟ್ರೇಟರ್ ನೂರಾರು ವ್ಯಾಟ್ ಎಳೆಯುತ್ತದೆ, ಮೇಲಿನ ಯಾವ ಲೆಕ್ಕವೂ ಅದಕ್ಕೆ ಹೊಂದುವುದಿಲ್ಲ.

ಬ್ಯಾಟರಿಯೂ ಮುಗಿದ ರಾತ್ರಿ ಮಾಸ್ಕನ್ನು ತೆಗೆದಿಡಿ. ಗಾಳಿ ಊದದ ಮಾಸ್ಕಿನೊಳಗೆ ಬಿಟ್ಟ ಉಸಿರೇ ಮರಳಿ ಬರುತ್ತದೆ. ತಲೆಯ ಕಡೆ ಎತ್ತರಿಸಿ, ಮಗ್ಗುಲಾಗಿ ಮಲಗಿ. ಅಂಗಾತ ಮಲಗಿದರೆ ನಾಲಿಗೆ ಹಿಂದೆ ಜಾರಿ ದಾರಿ ಹೆಚ್ಚು ಕಟ್ಟುತ್ತದೆ. ಶಹಾಪುರದ ಬೆಟ್ಟಸಾಲಿನಲ್ಲಿ ಕಾಣುವ ಮಲಗಿದ ಬುದ್ಧ ಆಕಾಶ ನೋಡುತ್ತ ಅಂಗಾತವೇ ಮಲಗಿದ್ದಾನೆ, ಅವನ ಮಾತು ಬೇರೆ. ಆ ರಾತ್ರಿ ಕುಡಿತ ಬೇಡ, ನಿದ್ದೆಯ ಗುಳಿಗೆ ಬೇಡ.

2019ರ ಅಕ್ಟೋಬರ್‌ನಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿ ಲಕ್ಷಾಂತರ ಮನೆಗಳ ಕರೆಂಟು ಕಡಿದಾಗ ಸಿಪ್ಯಾಪ್ ಬಳಸುವವರ ಪಾಡು ಅಲ್ಲಿಯೂ ದೊಡ್ಡ ಸುದ್ದಿಯಾಯಿತು. ಮುಂದೆ ಆ ಕಂಪನಿ, ವೈದ್ಯಕೀಯ ಯಂತ್ರ ಬಳಸುವ ಗ್ರಾಹಕರಲ್ಲಿ ಹೆಚ್ಚು ಅಪಾಯದಲ್ಲಿದ್ದವರಿಗೆ ಸಣ್ಣ ಬ್ಯಾಟರಿಗಳನ್ನು ಹಂಚಿತು. ನಮ್ಮ ವಿದ್ಯುತ್ ಕಂಪನಿ ಜೆಸ್ಕಾಂ ಬ್ಯಾಟರಿ ಹಂಚಲಿ ಎಂದು ಕೇಳುವುದು ಅತಿಯಾದೀತು. ಮನೆಯಲ್ಲಿ ಉಸಿರಿನ ಯಂತ್ರ ಇರುವವರ ಆರ್‌ಆರ್ ನಂಬರುಗಳನ್ನು ಪ್ರತಿ ಸೆಕ್ಷನ್ ಕಚೇರಿಯೂ ಬರೆದಿಟ್ಟುಕೊಂಡು, ನಿಗದಿತ ಕಡಿತಕ್ಕೆ ಹಿಂದಿನ ದಿನ ಒಂದು ಸಂದೇಶ ಕಳಿಸುವುದು ದುಡ್ಡಿನ ಕೆಲಸವಲ್ಲ. ಅಷ್ಟಾದರೂ ಆಗಲಿ. ಯಂತ್ರ ಬರೆದುಕೊಡುವ ವೈದ್ಯರು ಚೀಟಿಯಲ್ಲಿ ಒತ್ತಡದ ಜತೆ ಇನ್ನೊಂದು ಸಾಲು ಬರೆಯಲಿ: ಡಿಸಿ ತಂತಿ ಬೇಕೋ ಬೇಡವೋ. ಕೊಳ್ಳುವವರು ಅಡಾಪ್ಟರಿನ ಹಿಂಭಾಗ ತಿರುಗಿಸಿ 12 ವೋಲ್ಟೋ 24 ವೋಲ್ಟೋ ನೋಡಿಯೇ ಹಣ ಎಣಿಸಲಿ.